ಉಂಗುರದ ಕೆಳಗಿನ ಸಂಖ್ಯೆ

ಗಿರಣಿ ಉದ್ದಗೈಗೆ ಹದಿನಾಲ್ಕು ತಿಂಗಳ ಸಂಬಳ ಕೊಡಬೇಕು. ಇಪ್ಪತ್ತೊಂಬತ್ತು ವರ್ಷದ ಗ್ರಾಚ್ಯುಯಿಟಿ ಬೇರೆ. ಗೇಟಿಗೆ ಬೀಗ ಬಿದ್ದು ಒಂಬತ್ತು ವರ್ಷವಾಯಿತು. ಇಷ್ಟು ದಿನಕ್ಕೆ ಬಂದದ್ದು ದುಡ್ಡಲ್ಲ, ಒಂದು ಕಾಗದ. ನೀವೇ ಗಿರಣಿಗೆ ಒಂದು ಟ್ರಾಂಬೋನ್ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು.

ಉದ್ದಗೈ ಎನ್ನುವುದು ಅವನ ಅಡ್ಡಹೆಸರು. ನೂಲುವ ಖಾತೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವುದು ಅವನ ಕೆಲಸವಾಗಿತ್ತು. ಬೆಳಿಗ್ಗೆ ಏಳಕ್ಕೆ ಎಣ್ಣೆಗಿಂಡಿ ಹಿಡಿದು ಹೊರಟರೆ ಊಟದ ಸೈರನ್ನಿನೊಳಗೆ ನಾನೂರು ಬೇರಿಂಗುಗಳಿಗೆ ಎರಡೆರಡು ಹನಿ ಬೀಳಬೇಕು. ಓಡುತ್ತಿರುವ ಬೆಲ್ಟುಗಳ ಸಂದಿನಲ್ಲಿ ಕೈ ತೂರಿಸಿ ಎಣ್ಣೆ ಬಿಡಬೇಕು. ಗಿಡ್ಡ ಕೈಯವರು ಮೈಯನ್ನೂ ಒಳಗೆ ತೂರಿಸಿ ಅಂಗಿ ಕೊಡುತ್ತಿದ್ದರು, ಒಮ್ಮೊಮ್ಮೆ ಬೆರಳನ್ನೂ ಕೊಡುತ್ತಿದ್ದರು. ಇವನ ಕೈ ಬೇರೆಯವರಿಗಿಂತ ಅರ್ಧ ಗೇಣು ಉದ್ದ. ಹತ್ತು ಬೆರಳೂ ಉಳಿದವು, ಹೆಸರೂ ಉಳಿಯಿತು.

ಗಿರಣಿಗೆ ಒಂದು ಬ್ಯಾಂಡ್ ಇತ್ತು. ಮಾಲೀಕರ ಮನೆಗೆ ದೊಡ್ಡವರು ಬಂದರೆ ಎಣ್ಣೆ ಬಿಡುವವ, ನೂಲು ಕಟ್ಟುವವ, ಬಾಯ್ಲರಿನವ ಎಲ್ಲ ಕೆಂಪು ಕೋಟು ಏರಿಸಿ ಗೇಟಿನ ಹತ್ತಿರ ನಿಂತು ಊದಬೇಕು. ಅದರಲ್ಲಿ ಉದ್ದಗೈಯದು ಟ್ರಾಂಬೋನ್. ನೋಡದವರಿಗಾಗಿ ಹೇಳುತ್ತೇನೆ: ಅದು ಹಿತ್ತಾಳೆಯ ವಾದ್ಯ, ಎರಡು ತುಂಡು. ಒಂದು ಅಗಲ ಬಾಯಿಯ ತುಂಡು, ಅದು ಎಡಹೆಗಲ ಮೇಲೆ ಕೂರುತ್ತದೆ. ಇನ್ನೊಂದು ಸ್ಲೈಡು, ಅದನ್ನು ಬಲಗೈಯಲ್ಲಿ ಮುಂದೆ ದೂಡಿ ಹಿಂದೆ ಎಳೆದು ಸ್ವರ ಹಿಡಿಯಬೇಕು. ಊದಿ ಆದ ಮೇಲೆ ಎರಡನ್ನೂ ಬಿಡಿಸಿ ಇಡುತ್ತಾರೆ. ಈ ಬಿಡಿಸಿ ಇಡುವ ವಿಷಯ ನೆನಪಿನಲ್ಲಿರಲಿ.

ನಾನು ಆ ಗಿರಣಿಯ ಯೂನಿಯನ್ನಿಗೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದವನು. ಆದ್ದರಿಂದ ಕಾಗದ ಬಂದ ದಿನವೇ ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ನನ್ನ ಮನೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಣ್ಣಾ, ಇದನ್ನ ಇನ್ನೊಂದ್ ಸಲ ಓದು. ನಂಗೆ ಅರ್ಥ ಆಗಿದೆ, ಆದ್ರೂ ಓದು."

ಓದಿದೆ. ಬರೆದವರು ಸಮಾಪನಾಧಿಕಾರಿ, ಅಂದರೆ ಮುಚ್ಚಿದ ಗಿರಣಿಯ ಆಸ್ತಿ ಮಾರಿ ಬಾಕಿದಾರರಿಗೆ ಹಂಚಲು ನೇಮಕವಾದ ಅಧಿಕಾರಿ. ನಮ್ಮವರ ಬಾಯಲ್ಲಿ ಸಮಾಪ್ತಿ ಸಾಹೇಬ. ಕಾಗದದ ಸಾರ ಇಷ್ಟು: ಗಿರಣಿಯ ದಾಸ್ತಾನು ಪುಸ್ತಕದಲ್ಲಿ ಬ್ಯಾಂಡಿನ ವಾದ್ಯಗಳು ಇಪ್ಪತ್ತೆರಡು. ಹರಾಜಿನ ಪಾವತಿಯಲ್ಲಿ ಮಾತ್ರ 'ಹಿತ್ತಾಳೆ, ಮಿಶ್ರ' ಎಂದು ತೂಕ ಬರೆದಿದೆ, ವಾದ್ಯಗಳ ಲೆಕ್ಕವಿಲ್ಲ. ಲೆಕ್ಕ ತಪಾಸಣೆಯವರು ಕೇಳುತ್ತಿದ್ದಾರೆ. ಒಂದು ಟ್ರಾಂಬೋನ್ ನಿಮ್ಮ ವಶದಲ್ಲಿದೆ ಎಂದು ತಿಳಿದುಬಂದಿದೆ. ಹನ್ನೊಂದು ದಿನದೊಳಗೆ ಹಾಜರಾಗಿ ಅದು ನಿಮ್ಮದೆಂದು ರುಜುವಾತು ಮಾಡಬೇಕು. ತಪ್ಪಿದರೆ ಬಾಕಿ ತಡೆಹಿಡಿದು ಕಳವಿನ ದೂರು ಕೊಡಲಾಗುವುದು.

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುವುದು ಇದಕ್ಕೇ. ಎಣಿಸದೆ ತೂಕಕ್ಕೆ ಮಾರಿದವರು ಅವರು; ಉತ್ತರ ಕೊಡಬೇಕಾದವನು ಇವನು.

"ಅದು ನಿಮ್ಮಪ್ಪಂದಲ್ವೇನೋ?" ಅಂದೆ.

"ಹೌದು. ನಮ್ಮಪ್ಪಂದೇ."

ಹೇಳುತ್ತ ಹೇಳುತ್ತ ಅವನ ಬಲಗೈ ಎಡಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಎಲ್ಲರಿಗೂ ಗೊತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಕೈ ಕೆಳಗಿಳಿಸಿದ.

ಅವನ ಅಪ್ಪ ಸರ್ಕಸ್ ಬ್ಯಾಂಡಿನಲ್ಲಿ ಊದುತ್ತಿದ್ದವರು. ಸರ್ಕಸ್ ಮುಳುಗಿದಾಗ ಮಾಲೀಕ ಸಂಬಳ ಕೊಡಲಾರದೆ, ಕೈಯಲ್ಲಿರುವ ವಾದ್ಯವನ್ನೇ ತೆಗೆದುಕೊಂಡು ಹೋಗಿ ಎಂದನಂತೆ. ರಸೀದಿ ಇಲ್ಲ, ಸಾಕ್ಷಿ ಇಲ್ಲ. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಊರಿಗೆ ಬಂದು ಗಿರಣಿ ಸೇರಿದರು. ಅವರು ಸತ್ತ ಮೇಲೆ ಕೆಲಸವೂ ಟ್ರಾಂಬೋನೂ ಮಗನಿಗೆ ಬಂದವು. ಗಿರಣಿಯ ಬ್ಯಾಂಡ್ ಕೋಣೆಯಲ್ಲಿ ಗಿರಣಿಯದೇ ಎರಡು ಟ್ರಾಂಬೋನ್ ಇದ್ದವು, ಇವನದು ಮೂರನೆಯದು. ಮೂರೂ ಒಂದೇ ಕಂಪನಿಯವು, ಒಂದೇ ಗೋಡೆಯ ಮೊಳೆಗಳಿಗೆ ತೂಗುತ್ತಿದ್ದವು. ಶನಿವಾರ ಸಂಜೆ ಮಾತ್ರ ಇವನು ತನ್ನದನ್ನು ಮನೆಗೆ ಒಯ್ಯುತ್ತಿದ್ದ; ಗೇಟಿಗೆ ಬೀಗ ಬಿದ್ದ ದಿನವೂ ಅದು ಮನೆಯಲ್ಲೇ ಇತ್ತು.

ನಮ್ಮ ಮೆರವಣಿಗೆಗಳಲ್ಲಿ ಮುಂದೆ ಊದುತ್ತಿದ್ದದ್ದು ಇದೇ ಟ್ರಾಂಬೋನ್. ದೊಡ್ಡ ಮುಷ್ಕರದ ದಿನ ಮ್ಯಾನೇಜರು ಗೇಟಿಗೆ ಬಂದು, "ನಮ್ಮ ವಾದ್ಯ ಹಿಡ್ಕೊಂಡು ನಮ್ಮ ವಿರುದ್ಧಾನೇ ಊದ್ತೀರಾ?" ಎಂದು ಕೂಗಿದ್ದರು. ಉಳಿದ ಬ್ಯಾಂಡಿನವರು ಒಬ್ಬೊಬ್ಬರಾಗಿ ವಾದ್ಯ ಕೆಳಗಿಟ್ಟರು. ಇವನೊಬ್ಬ ಮಾತ್ರ, "ಇದು ನಮ್ಮಪ್ಪಂದು ಸಾರ್, ಗಿರಣೀದಲ್ಲ" ಎಂದು ಮತ್ತೆ ತುಟಿಗೆ ಹಚ್ಚಿದ. ಎರಡು ಸಾವಿರ ಜನ ಆ ಮಾತು ಕೇಳಿದ್ದಾರೆ. ಈಗ ಅದು ಅಪ್ಪನದಲ್ಲ ಎಂದು ಸಾಬೀತಾದರೆ ಹೋಗುವುದು ಬಾಕಿ ಹಣ ಒಂದೇ ಅಲ್ಲ.

ಮಾರನೆಯ ದಿನ ಇಬ್ಬರೂ ಸಾಹೇಬರ ಕಚೇರಿಗೆ ಹೋಗಿ ದಾಸ್ತಾನು ಪುಸ್ತಕದ ನಕಲು ಕೇಳಿದೆವು. ಗುಮಾಸ್ತ ನಮ್ಮ ಗಿರಣಿಯಲ್ಲೇ ಹಾಜರಿ ಬರೆಯುತ್ತಿದ್ದವನು, ನಾಲಿಗೆ ಇನ್ನೂ ಹರಿತ.

"ಹೆಸರೇ ಉದ್ದಗೈ. ಗೋಡೆಯಿಂದ ಬ್ಯಾಗ್‌ವರೆಗೂ ಎಟುಕಿರ್ಬೇಕು ಬಿಡಿ," ಎಂದ.

"ನಿಮ್ ಕೈ ಗಿಡ್ಡ ಅಲ್ವಾ ಸ್ವಾಮಿ, ಅದಕ್ಕೇ ತಕ್ಕಡೀಲಿ ಹಾಕಿ ಮಾರಿದ್ರಿ," ಅಂದೆ ನಾನು.

ನಕಲು ಕೊಟ್ಟ. ಒಂದು ಸಾಲು: 'ಟ್ರಾಂಬೋನ್ ಎರಡು. ಬಾಯಿಯ ಮೇಲೆ ಐದು ಪದಕದ ಮುದ್ರೆ. ಸ್ಲೈಡಿಗೆ ಬೀಗದ ಬಳೆ. ಸಂಖ್ಯೆ 20408 ಮತ್ತು 20409.' ಹಳೆಯ ಗುಮಾಸ್ತರು ಬರೆದದ್ದು, ಕೈ ಅಚ್ಚುಕಟ್ಟು. ಅಡಿಯಲ್ಲಿ ಕಂಪನಿಯ ದರಪಟ್ಟಿಯ ಒಂದು ಹಾಳೆಯನ್ನೂ ಅಂಟಿಸಿದ್ದರು. ಯಾವ ಪ್ರದರ್ಶನದಲ್ಲಿ ಯಾವಾಗ ಪದಕ ಗೆದ್ದೆವು ಎಂದು ಕಂಪನಿ ಅದರಲ್ಲಿ ಜಂಬ ಕೊಚ್ಚಿಕೊಂಡಿತ್ತು. ಗಿರಣಿ ವಾದ್ಯ ಕೊಳ್ಳುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ ನಾಲ್ಕನೆಯ ಪದಕ ಬಂದಿತ್ತು. ಹಾಗಾದರೆ ಲೆಕ್ಕ ಸುಲಭ. ನಾಲ್ಕಕ್ಕಿಂತ ಕಮ್ಮಿ ಪದಕವಿದ್ದರೆ ಅದು ಅಪ್ಪನ ಕಾಲದ್ದು. ಸಂಖ್ಯೆ ನೋಡಿದರೆ ಇನ್ನೂ ಸುಲಭ.

ಆದರೆ ನೋಡುವುದೇನು? ಟ್ರಾಂಬೋನಿನ ಮೇಲೆ ಏನೂ ಇರಲಿಲ್ಲ.

ಏಕಿರಲಿಲ್ಲ ಎಂದರೆ ಇವನು ತಿಕ್ಕಿದ್ದ. ಪ್ರತಿ ಭಾನುವಾರ ಬೆಳಿಗ್ಗೆ, ಮೆಟ್ಟಿಲ ಮೇಲೆ ಕೂತು, ಇಟ್ಟಿಗೆಯ ನುಣ್ಣನೆ ಪುಡಿ, ಗಿರಣಿಯ ಹತ್ತಿವೇಸ್ಟು, ಒಂದು ಹನಿ ಎಣ್ಣೆ. ಮದುವೆಯಾದ ಮಾರನೆಯ ಭಾನುವಾರವೂ ತಿಕ್ಕಿದ್ದ ಎಂದು ಅವನ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಮೂವತ್ತೆಂಟು ವರ್ಷದ ಭಾನುವಾರಗಳು. ಕಂಪನಿಯ ಹೆಸರು, ಪದಕ, ಬಳ್ಳಿಯ ಚಿತ್ರ ಎಲ್ಲ ಮಾಸಿ, ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಯಾವನಾದರೂ ಸೋಮಾರಿಯ ಕೈಯಲ್ಲಿದ್ದಿದ್ದರೆ ರುಜುವಾತು ಹಾಗೇ ಉಳಿದಿರುತ್ತಿತ್ತು.

ಮನೆ ಎರಡೇ ಕೋಣೆ. ಒಳಗಿನದರಲ್ಲಿ ಹೊಲಿಗೆ ಯಂತ್ರ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಇಬ್ಬರ ಅನ್ನವೂ ಆ ಯಂತ್ರದಿಂದಲೇ. ಟ್ರಾಂಬೋನನ್ನು ಮಂಚದ ಮೇಲೆ ಮಲಗಿಸಿ ನಾವಿಬ್ಬರೂ ಭೂತಗನ್ನಡಿ ಹಿಡಿದು ಬಗ್ಗಿದ್ದೆವು.

"ಏನ್ರೀ ಅದು, ಹೆಣ ನೋಡೋ ಹಾಗೆ ನೋಡ್ತಿದೀರಾ," ಎಂದು ಆಕೆ ಯಂತ್ರ ನಿಲ್ಲಿಸಿದಳು. "ಕಣ್ಣಿಗೆ ಕಾಣದ್ದು ಕಣ್ಣಲ್ಲಿ ಹುಡುಕಿದ್ರೆ ಸಿಗತ್ತಾ? ಸರೀರಿ."

ಬಟ್ಟೆಯ ಮೇಲೆ ಅಳತೆ ಎತ್ತುವ ತೆಳುಹಾಳೆ ತಂದು ಬಾಯಿಯ ಮೇಲೆ ಬಿಗಿಯಾಗಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜತೊಡಗಿದಳು. ಮೊದಲು ಬರೀ ಕಪ್ಪು. ಆಮೇಲೆ ಕಪ್ಪಿನೊಳಗೆ ಒಂದು ಬಿಳಿಯ ದುಂಡು. ಅದರ ಪಕ್ಕ ಇನ್ನೊಂದು. ಇನ್ನೊಂದು. ಅದರಾಚೆ ಬಳ್ಳಿಯ ಎಲೆ.

"ಮೂರು," ಎಂದಳು. "ಎಣಿಸ್ಕೊಳ್ಳಿ. ಮೂರೇ."

ಉದ್ದಗೈ ನೆಲದ ಮೇಲೆ ಕೂತುಬಿಟ್ಟ. ಕಾಗದ ಬಂದು ಮೂರು ದಿನಕ್ಕೆ ಮೊದಲ ಸಲ ಅವನ ಮುಖದಲ್ಲಿ ರಕ್ತ ಆಡಿದ್ದನ್ನು ಕಂಡೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಪುಸ್ತಕದಲ್ಲಿ ಎರಡನೆಯ ಗುರುತೂ ಇತ್ತಲ್ಲ.

"ಸ್ಲೈಡಿಗೆ ಬೀಗದ ಬಳೆ ಅಂತಿದೆ. ನಿಂದಕ್ಕೆ ಬೀಗ ಇಲ್ಲ ತಾನೆ?"

ಹೆಂಡತಿ ಸ್ಲೈಡಿನ ಕುತ್ತಿಗೆಯ ಬಳೆ ಹಿಡಿದು ತಿರುಗಿಸಿದಳು. ಚಿಟಕ್ ಎಂದು ಬೀಗ ಬಿತ್ತು. ಕೆಳಮುಖ ಮಾಡಿ ಹಿಡಿದರೂ ಸ್ಲೈಡು ಜಾರಲಿಲ್ಲ.

ಆಕೆ ಆ ಹಾಳೆಯದೇ ಇನ್ನೊಂದು ತುದಿಯನ್ನು ಸ್ಲೈಡಿನ ಅಡ್ಡಪಟ್ಟಿಯ ಮೇಲೆ ಇಟ್ಟು ಉಜ್ಜಿದಳು. ಎಡಗೈ ಹಿಡಿಯುವ ಜಾಗ, ಬೆವರಿಗೆ ಸವೆದು ಹೋಗಿತ್ತು. ಮೂಲೆಯಲ್ಲಿ ಮಾತ್ರ ಎರಡು ಅಂಕಿ ಎದ್ದವು. ಸೊನ್ನೆ. ಒಂಬತ್ತು.

ಒಂದೇ ಹಾಳೆ. ಈ ತುದಿಯಲ್ಲಿ ಮೂರು ಪದಕ, ಆ ತುದಿಯಲ್ಲಿ ಸೊನ್ನೆ ಒಂಬತ್ತು.

ಮುಚ್ಚುಮರೆ ಬೇಡ, ಆಗ ಕೆಟ್ಟ ಬುದ್ಧಿ ಹೇಳಿದವನು ನಾನೇ. "ಎರಡೇ ಅಂಕಿ ಉಳಿದಿರೋದು. ಇನ್ನೆರಡು ದಿನ ತಿಕ್ಕು, ಹೋಗತ್ತೆ. ಪದಕ ಮಾತ್ರ ತೋರಿಸೋಣ," ಅಂದೆ. ಎದುರು ಪಕ್ಷದವರು ಇದಕ್ಕಿಂತ ಹೊಲಸು ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ನನಗೆ ನಾಚಿಕೆಯೇನೂ ಆಗಲಿಲ್ಲ.

"ಇಷ್ಟು ವರ್ಷ ತಿಕ್ಕಿದ್ದು ಸಾಲ್ದಾ ಅಣ್ಣಾ?" ಎಂದಳು ಹೆಂಡತಿ.

ಉದ್ದಗೈ ಹೇಳಿದ್ದು ಬೇರೆ. "ಅವ್ರಿಗೆ ತೋರಿಸೋದು ಆಮೇಲಿನ ಮಾತು. ನಂಗೇ ಗೊತ್ತಾಗ್ಬೇಕಲ್ಲ. ನಾನು ಇಷ್ಟು ವರ್ಷ ಊದಿದ್ದು ಯಾರ್‌ದು?"

ಸಂಖ್ಯೆ ಇನ್ನೂ ಒಂದು ಕಡೆ ಇರಬೇಕಿತ್ತು. ಈ ಕಂಪನಿಯವರು ಸ್ಲೈಡಿನ ಮೇಲೆ ಕೊರೆದ ಸಂಖ್ಯೆಯನ್ನೇ ಬಾಯಿಯ ತುಂಡಿನ ಮೇಲೂ, ಸ್ಲೈಡು ಒಳಗೆ ಸೇರುವ ಬುಡದಲ್ಲಿ ಕೊರೆಯುತ್ತಿದ್ದರು. ಆ ಬುಡದ ಸುತ್ತ ಇವನದಕ್ಕೆ ಒಂದು ಹಿತ್ತಾಳೆಯ ಉಂಗುರವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ದೊಡ್ಡ ಮುಷ್ಕರಕ್ಕೆ ಒಂದು ತಿಂಗಳು ಮೊದಲು ಬುಡ ಸೀಳಿತ್ತು. ಬೆಸುಗೆಯಜ್ಜ ಉಂಗುರ ತೊಡಿಸಿ ಬೆಸೆದುಕೊಟ್ಟಿದ್ದರು. ಉಂಗುರದ ಕೆಳಗೆ ಇಟ್ಟಿಗೆಪುಡಿ ಹೋಗಿರಲಾರದು. ಸಂಖ್ಯೆ ಅಲ್ಲಿದ್ದರೆ ಹಾಗೇ ಇರಬೇಕು.

ಅದೇ ಅವನ ಸಂಕಟ. ಉಂಗುರ ಇರುವವರೆಗೆ ಅರ್ಧ ಭರವಸೆ. ತೆಗೆದರೆ ಇತ್ತ ಅಥವಾ ಅತ್ತ. ಪದಕ ಮೂರೇ ಇದ್ದರೂ, ಗಿರಣಿಯವರು ಹಳೆಯ ಸರಕನ್ನೇ ಕೊಂಡು ಪುಸ್ತಕದಲ್ಲಿ ಐದು ಎಂದು ಬರೆದಿದ್ದರೆ? ಕೆಳಗೆ 20409 ಎಂದೇ ಇದ್ದರೆ? ಇನ್ನು ಏಳು ದಿನ ಉಳಿದಿತ್ತು. ಅದರಲ್ಲಿ ನಾಲ್ಕು ದಿನ ಅವನು ನಾಳೆ ಹೋಗೋಣ, ನಾಳೆ ಹೋಗೋಣ ಎಂದ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿನಿಂದ ಅಂಕಿ ಬರೆಯುತ್ತಿದ್ದನಂತೆ. ಓಣಿಯಲ್ಲಿ ಯಾರಾದರೂ ನಕ್ಕರೆ ತನಗೇ ನಕ್ಕರು ಎಂದು ಒಳಗೆ ಬರುತ್ತಿದ್ದನಂತೆ. ಆ ಭಾನುವಾರ ಟ್ರಾಂಬೋನ್ ತಿಕ್ಕಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ.

ಕೊನೆಗೆ ಹೆಂಡತಿಯೇ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟಳು. "ಬರೋದಾದ್ರೆ ಬನ್ನಿ. ಇಲ್ಲ ಅಂದ್ರೆ ಮನೇಲಿ ಕೂತು ಅಂಕಿ ಬರೀರಿ." ಅವನು ಚಪ್ಪಲಿ ಹುಡುಕುತ್ತ ಹಿಂದೆ ಓಡಿದ.

ಬೆಸುಗೆಯಜ್ಜನ ಅಂಗಡಿ ಬಸ್ ಡಿಪೋದ ಗೋಡೆಗೆ ಅಂಟಿಕೊಂಡ ಒಂದು ತಗಡಿನ ಗೂಡು. ಲಾರಿಯ ರೇಡಿಯೇಟರು, ಸೋರುವ ಬಾಯ್ಲರು, ಮುರಿದ ಕೊಳಾಯಿ, ಏನೇ ಬೆಸೆಯಬೇಕಿದ್ದರೂ ಅವರೇ. ವಯಸ್ಸು ಎಂಬತ್ತರ ಹತ್ತಿರ. ಕೈ ನಡುಗುತ್ತದೆ, ಬೆಂಕಿ ಹಿಡಿದಾಗ ಮಾತ್ರ ನಿಲ್ಲುತ್ತದೆ.

ಟ್ರಾಂಬೋನನ್ನು ಬೆಳಕಿಗೆ ಹಿಡಿದು, "ಇದು ನಂದೇ ಉಂಗುರ," ಎಂದರು. "ಚೆನ್ನಾಗಿ ಕೂತಿದೆ. ಇದನ್ನ್ಯಾಕೋ ತಮ್ಮಾ ಕೀಳಿಸ್ತೀಯಾ?"

ಹೇಳಿದೆವು. ಅಜ್ಜ ತಲೆ ಕೆರೆದುಕೊಂಡರು. "ತಗಡು ಹಳೇದು, ಕಾಗದದ ಹಾಗಿದೆ. ಶಾಖ ಒಂಚೂರು ಜಾಸ್ತಿ ಆದ್ರೆ ಸಂಖ್ಯೆನೂ ಇರಲ್ಲ, ಬುಡಾನೂ ಇರಲ್ಲ. ಕಮ್ಮಿ ಆದ್ರೆ ಉಂಗುರ ಬರಲ್ಲ. ಆಮೇಲೆ ನನ್ ಮೇಲೆ ಕೂಗಾಡಬಾರ್ದು."

"ಕೂಗಾಡಲ್ಲ ಅಜ್ಜಾ. ಮಾಡಿ."

"ನಿನ್ನ ಕೇಳಿಲ್ಲಮ್ಮ, ಅವನ್ನ ಕೇಳ್ತಿದೀನಿ."

ಉದ್ದಗೈ ತಲೆಯಾಡಿಸಿದ. ಅಜ್ಜ ಬುಡದ ಸುತ್ತ ಒದ್ದೆ ಬಟ್ಟೆ ಸುತ್ತಿ, ಉಂಗುರ ಒಂದನ್ನೇ ಹೊರಗೆ ಬಿಟ್ಟು, ಊದುಬೆಂಕಿ ಹಚ್ಚಿದರು. ನೀಲಿ ಜ್ವಾಲೆ ದೂರದಿಂದ ಹತ್ತಿರ ಬಂತು, ಮತ್ತೆ ದೂರ ಹೋಯಿತು. ಒದ್ದೆ ಬಟ್ಟೆ ಹಬೆಯಾಡಿತು. ಹಿತ್ತಾಳೆ ಕೆಂಗಂದು ಬಣ್ಣಕ್ಕೆ ತಿರುಗತೊಡಗಿದಾಗ ಉದ್ದಗೈ, "ಅಜ್ಜಾ ಸಾಕು," ಎಂದ.

"ಸುಮ್ನಿರೋ."

"ಸಾಕಜ್ಜಾ, ಬೇಡ, ಇರ್ಲಿ ಬಿಡಿ, ಹಾಗೇ ಇರ್ಲಿ—"

ಅಷ್ಟರಲ್ಲಿ ಉಂಗುರದ ಅಂಚಿನಲ್ಲಿ ಬೆಸುಗೆ ಕಣ್ಣೀರಿನ ಹಾಗೆ ಮಿನುಗಿ ಹನಿಯಾಗಿ ಬಿತ್ತು. ಅಜ್ಜ ಇಕ್ಕಳದಲ್ಲಿ ಉಂಗುರ ಹಿಡಿದು ಅರ್ಧ ಸುತ್ತು ತಿರುಗಿಸಿ ಎಳೆದರು. ಬಂತು. ಬುಡವನ್ನು ಚಿಂದಿಯಲ್ಲಿ ಒರೆಸಿದರು. ತಾವು ನೋಡಲಿಲ್ಲ, ಉದ್ದಗೈಯ ಹೆಂಡತಿಯ ಕೈಗೆ ಕೊಟ್ಟರು. "ನಂಗೆ ಕನ್ನಡಕ ಇಲ್ಲ. ಓದಮ್ಮ."

ಆಕೆ ಓದಿದಳು. "ಆರು. ಒಂದು. ಒಂದು. ಮೂರು."

"ಮುಂದೆ?"

"ಮುಂದೆ ಇಲ್ಲ. ನಾಲ್ಕೇ. 6113."

ಇಪ್ಪತ್ತು ಸಾವಿರದ ಮಾತೇ ಅಲ್ಲ. ಗಿರಣಿಯ ವಾದ್ಯಕ್ಕಿಂತ ಹದಿನಾಲ್ಕು ಸಾವಿರ ವಾದ್ಯಗಳ ಮೊದಲೇ ಹುಟ್ಟಿದ್ದು. ಮೂರು ಪದಕದ ಕಾಲದ್ದು. ಅದು ಅಪ್ಪನದೇ. ನಾನು ಅವನ ಬೆನ್ನಿಗೆ ಗುದ್ದಿದೆ. ಅವನು ನಗಲಿಲ್ಲ.

"ಹಂಗಾದ್ರೆ ಸ್ಲೈಡು?"

ಅಜ್ಜ ಆಗಲೇ ಸ್ಲೈಡು ಎತ್ತಿಕೊಂಡು ಅದರ ತುದಿಯನ್ನು ಬುಡದೊಳಗೆ ಮೆಲ್ಲಗೆ ಸೇರಿಸಿ ನೋಡುತ್ತಿದ್ದರು. ಉಂಗುರ ಇಲ್ಲದ ಬುಡ ಸೀಳಿನ ಕಡೆ ತುಸು ಬಾಯಿ ಬಿಟ್ಟಿತು. ಅಜ್ಜ ಸಣ್ಣಗೆ ನಕ್ಕರು. "ಅವತ್ತು ಬುಡ ಯಾಕೆ ಸೀಳ್ತು ಅಂತ ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಈ ಸ್ಲೈಡು ಇದ್ರದ್ದಲ್ಲ ಮಗಾ. ಕೂದಲೆಳೆ ದಪ್ಪ. ಒತ್ತಿ ಒತ್ತಿ ಸೇರಿಸಿದೀಯ. ಅದಕ್ಕೇ ಸೀಳಿದೆ. ನಾನು ಮೇಲಿಂದ ಉಂಗುರ ಹಾಕಿ ಮದುವೆ ಮಾಡಿಸ್ಬಿಟ್ಟೆ."

ಉದ್ದಗೈ ಆಗ ಬಾಯಿ ಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಅವನಿಗೇ ಹೊಳೆಯದಿದ್ದದ್ದು ಆ ತಗಡಿನ ಗೂಡಿನಲ್ಲಿ ನಿಂತಲ್ಲೇ ಹೊಳೆಯಿತು.

ಬ್ಯಾಂಡಿನಲ್ಲಿಯೂ ಎಣ್ಣೆಯ ಕೆಲಸ ಇವನದೇ ಆಗಿತ್ತು. ಎಣ್ಣೆ ಬಿಡುವವನಲ್ಲವೇ, ಬೇರೆ ಯಾರು ಬಿಡುತ್ತಾರೆ? ಪ್ರತಿ ಶನಿವಾರ ಮೂರು ಟ್ರಾಂಬೋನಿನ ಸ್ಲೈಡುಗಳನ್ನೂ ಬಿಡಿಸಿ, ಯಂತ್ರಕ್ಕೆ ಬಿಡುವ ತೆಳುವಾದ ಎಣ್ಣೆಯ ತಟ್ಟೆಯಲ್ಲಿ ಮೂರನ್ನೂ ಒಟ್ಟಿಗೆ ಮಲಗಿಸುವುದು. ಅರ್ಧ ಗಂಟೆ ಬಿಟ್ಟು ತೆಗೆದು ಒರೆಸಿ, ಒಂದೊಂದನ್ನೂ ಎಳೆದು ನೋಡಿ ಸೇರಿಸುವುದು. ಸಂಖ್ಯೆ ನೋಡುವ ಅಭ್ಯಾಸ ಎಣ್ಣೆಯವರಿಗಿಲ್ಲ. ಅವರು ಕೈಗೆ ಹೇಗೆ ಜಾರಿತು ಎಂದು ನೋಡುತ್ತಾರೆ.

"ಯಾವ್ದು ನುಣ್ಣಗೆ ಓಡ್ತೋ ಅದು ನಂದು ಅಂದ್ಕೊಳ್ತಿದ್ದೆ," ಎಂದ. "ನಂದೇ ಚೆನ್ನಾಗಿ ಓಡೋದು ಅನ್ನೋ ಜಂಬ ಬೇರೆ. ಅಪ್ಪನ ಸ್ಲೈಡಿಗೆ ಬೀಗ ಇರ್ಲಿಲ್ಲ ಅನ್ನೋದು ಈಗ ನೆನಪಾಗ್ತಿದೆ. ಹೆಗಲ ಮೇಲಿಂದ ಇಳಿಸೋವಾಗ ಜಾರಿ ಬೀಳತ್ತೆ, ಹಿಡ್ಕೋ ಹಿಡ್ಕೋ ಅಂತ ಅಪ್ಪ ಬೈತಿದ್ರು. ಅದು ಯಾವಾಗ ಜಾರೋದು ನಿಲ್ಸ್ತು ಅಂತ ನಾನು ಯೋಚ್ನೇನೇ ಮಾಡ್ಲಿಲ್ಲ."

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಿ," ಎಂದಳು ಹೆಂಡತಿ. ಬೈಗುಳದ ಹಾಗೆ ಹೇಳಿದಳು. ಆದರೆ ಟ್ರಾಂಬೋನನ್ನು ಸೀರೆಯಲ್ಲಿ ಸುತ್ತುವಾಗ ಎರಡು ತುಂಡನ್ನೂ ಬೇರೆ ಬೇರೆ ಸುತ್ತಿದಳು.

ವಿಚಾರಣೆ ಹನ್ನೊಂದನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಕಚೇರಿ ಎಂದರೆ ಗಿರಣಿಯ ಹಳೆಯ ಸಂಬಳದ ಕೋಣೆಯೇ. ಸಂಬಳ ಕೊಡುತ್ತಿದ್ದ ಕಿಂಡಿಯ ಹಿಂದೆ ಸಾಹೇಬರ ಮೇಜು. ಮೆಟ್ಟಿಲ ಮೇಲೆ ನಾನು ಅವನಿಗೆ ಪಾಠ ಹೇಳಿಕೊಟ್ಟೆ: ಪದಕ ತೋರಿಸು, 6113 ತೋರಿಸು, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಸ್ಲೈಡಿನ ಸುದ್ದಿ ಎತ್ತಬೇಡ.

ಸಾಹೇಬರು ಕೆಟ್ಟವರೇನಲ್ಲ. ಹಾಳೆಯ ಮೇಲಿನ ಪೆನ್ಸಿಲಿನ ಪದಕ ಎಣಿಸಿದರು, ಬುಡದ ಸಂಖ್ಯೆಯನ್ನು ತಾವೇ ಓದಿದರು, ದರಪಟ್ಟಿಗೆ ಹೋಲಿಸಿದರು. "ಇದು ಗಿರಣಿ ಕೊಂಡದ್ದಕ್ಕಿಂತ ತುಂಬಾ ಹಳೇ ಮಾದರಿ. ಸರಿ, ಇದು ನಿಮ್ಮದೇ," ಎಂದು ಪೆನ್ನು ತೆಗೆದರು.

ಅಲ್ಲಿಗೆ ಮುಗಿಯಬೇಕಿತ್ತು. ಗುಮಾಸ್ತ ಕೂಡ ಫೈಲು ಕಟ್ಟತೊಡಗಿದ್ದ. ಉದ್ದಗೈ ಮಾತ್ರ ನಿಂತೇ ಇದ್ದ. ಅವನ ಕೈ ಹೆಗಲಿಗೆ ಹೋಗುತ್ತಿರುವುದು ಕಂಡು ನಾನು ಅವನ ಅಂಗಿ ಹಿಡಿದೆಳೆದೆ.

"ಬಾಯಿ ನಮ್ಮಪ್ಪಂದು ಸಾರ್," ಎಂದ. "ಸ್ಲೈಡು ಗಿರಣೀದು."

ಗುಮಾಸ್ತನ ಕೈ ನಿಂತಿತು. ಉದ್ದಗೈ ಎಣ್ಣೆತಟ್ಟೆಯ ಕತೆ ಪೂರ್ತಿ ಹೇಳಿದ. ಸೊನ್ನೆ ಒಂಬತ್ತು ತೋರಿಸಿದ. ಬೀಗದ ಬಳೆ ತಿರುಗಿಸಿ ತೋರಿಸಿದ. "ಕದ್ದಿದ್ದಲ್ಲ ಸಾರ್. ಅದ್ಲುಬದ್ಲು ಆಗಿದೆ. ನಿಮ್ದು ತಗೊಳ್ಳಿ. ನಮ್ಮಪ್ಪನ ಸ್ಲೈಡು ನಿಮ್ ಹತ್ರ ಇದೆ, ಅದನ್ನ ಕೊಡಿ."

ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಹೇಳಿದ್ದಿಷ್ಟೇ: "ಈ ಸ್ಲೈಡು ಗಿರಣೀದು ಅಂತ ಹೇಳ್ದೆ ಇದ್ರೆ, ನಂದು ಎಲ್ಲಿ ಅಂತ ನಾನು ಕೇಳೋದು ಹೇಗೆ ಅಣ್ಣಾ?" ಯೂನಿಯನ್ ನಡೆಸಿದ ನನಗೆ ಈ ಲೆಕ್ಕ ಹೊಳೆದಿರಲಿಲ್ಲ.

ಒಳಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಾಗದ ತಿರುವಿದ. "ಬ್ಯಾಂಡ್ ಕೋಣೆ ಸಾಮಾನು ಹದಿನೇಳನೇ ಲಾಟು ಸಾರ್. ಹೋದ ವರ್ಷ ಹರಾಜಾಯ್ತು. ತೂಕಕ್ಕೆ."

"ಹಾಗಾದ್ರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ," ಎಂದರು ಸಾಹೇಬರು.

"ನಂದು ನಿಮ್ ವ್ಯಾಪ್ತಿಗೆ ಬರಲ್ಲ, ನಿಮ್ದು ಮಾತ್ರ ಬರತ್ತಾ ಸಾರ್?"

ಸಾಹೇಬರು ಸ್ಲೈಡು ಜಮಾ ಮಾಡಿಕೊಂಡರು. 'ಟ್ರಾಂಬೋನ್, ಅರ್ಧ' ಎಂದು ಬರೆದು ರಸೀದಿ ಕೊಟ್ಟರು. ಕಳವಿನ ಮಾತು ಕೈಬಿಟ್ಟರು. ಬಾಕಿಯ ಮೇಲಿನ ತಡೆ ತೆಗೆದಿದ್ದೇವೆ ಎಂದರು. ತಡೆ ತೆಗೆದು ಐದು ತಿಂಗಳಾಯಿತು, ಬಾಕಿ ಬಂದಿಲ್ಲ.

ಈಗ ಅವನ ಮನೆಯ ಗೋಡೆಯ ಮೇಲೆ ಅಗಲ ಬಾಯಿಯ ತುಂಡೊಂದೇ ತೂಗುತ್ತದೆ. ಊದಲು ಬರುವುದಿಲ್ಲ. ಅಜ್ಜ ಬೇರೆ ಸ್ಲೈಡು ಹುಡುಕಿ ಕೂರಿಸಿಕೊಡುತ್ತೇನೆ ಎಂದರು, ಇವನು ಒಪ್ಪಲಿಲ್ಲ. ಒಮ್ಮೆ ಸೀಳಿದ್ದು ಸಾಕಂತೆ. ತಿಕ್ಕುವುದನ್ನೂ ಬಿಟ್ಟಿದ್ದಾನೆ. ಹಿತ್ತಾಳೆ ಕಪ್ಪಾಗುತ್ತಿದೆ. ಕಳೆದ ವಾರ ಗೇಟಿನ ಎದುರು ನಾವು ಧರಣಿ ಶುರು ಮಾಡಿದಾಗ ಅವನೂ ಬಂದಿದ್ದ, ಬರಿಗೈಯಲ್ಲಿ. ಘೋಷಣೆ ಕೂಗುವಾಗ ಅವನ ಬಲಗೈ ಸುಮ್ಮನೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಪಕ್ಕದಲ್ಲಿದ್ದವರು ನಕ್ಕರು, ಅವನೂ ನಕ್ಕ. ಆದರೆ ಬೀದಿಯಲ್ಲಿ ಗುಜರಿ ಗಾಡಿ ಹೋದರೆ ಇವತ್ತಿಗೂ ಎದ್ದು ಬಾಗಿಲಿಗೆ ಓಡುತ್ತಾನೆ. ಅಪ್ಪನ ಸ್ಲೈಡನ್ನು ಕರಗಿಸಿಬಿಟ್ಟರೋ ಏನೋ ಎಂಬುದೊಂದೇ ಚಿಂತೆ.

ಹದಿನೇಳನೆಯ ಲಾಟು ಕೊಂಡ ಗುಜರಿಯವನನ್ನು ನಾನೇ ಹುಡುಕಿಕೊಂಡು ಹೋದೆ. ಒಡೆದದ್ದನ್ನು ಮಾತ್ರ ಕರಗಿಸಿದೆ ಎಂದ. ನೆಟ್ಟಗಿದ್ದದ್ದನ್ನು ಬಿಡಿಯಾಗಿ ಮಾರಿದನಂತೆ, ಯಾರಿಗೆ ಎಂದು ಬರೆದಿಟ್ಟಿಲ್ಲ. "ಗೋಡೆಗೆ ತಗುಲಿ ಹಾಕೋಕೆ ದೊಡ್ಡ ಮನೆಯವ್ರು, ಹೋಟೆಲ್‌ನವ್ರು ತಗೊಂಡು ಹೋಗ್ತಾರೆ ಸಾರ್. ಉದ್ದಂದು ಎರಡು ಹೋಯ್ತು."

ಗೋಡೆಗೆ ತಗುಲಿ ಹಾಕುವವರು ಇದನ್ನು ಓದುತ್ತಿರಬಹುದು. ನಿಮಗೇ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ನೀವು ಕಾಫಿ ಕುಡಿಯುವ ಹೋಟೆಲಿನಲ್ಲಿ, ನಿಮ್ಮ ಕಚೇರಿಯ ಹಜಾರದಲ್ಲಿ ಚಂದಕ್ಕೆಂದು ಒಂದು ಹಳೆಯ ಟ್ರಾಂಬೋನ್ ತೂಗುತ್ತಿದ್ದರೆ, ಕುರ್ಚಿ ಹಾಕಿಕೊಂಡು ಹತ್ತಿ ಕೆಳಗಿಳಿಸಿ. ಬಾಯಿಯ ಮೇಲೆ ಐದು ಪದಕ ಇದ್ದರೆ ಸ್ಲೈಡನ್ನು ಕೆಳಮುಖ ಮಾಡಿ. ಬೀಗವಿಲ್ಲದೆ ಜಾರಿದರೆ ಕೈಯಲ್ಲಿ ಹಿಡಿದುಕೊಳ್ಳಿ, ಬೀಳಿಸಬೇಡಿ. ಎಡಗೈ ಹಿಡಿಯುವ ಅಡ್ಡಪಟ್ಟಿಯ ಮೇಲೆ ತೆಳುಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿ. 6113 ಎಂದು ಎದ್ದರೆ ಅದು ನಿಮ್ಮದಲ್ಲ. ನೀವು ದುಡ್ಡು ಕೊಟ್ಟಿರಬಹುದು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ. ಗಿರಣಿಯ ಗೇಟಿನ ಎದುರು ನಾವು ದಿನಾ ಹತ್ತರಿಂದ ಐದರವರೆಗೆ ಕೂತಿರುತ್ತೇವೆ. ತಂದು ಕೊಡಿ.